ನೆನಪಿಡುವ ತತ್ತಿ

ಧಾರವಾಡದ ವಿಶ್ವವಿದ್ಯಾಲಯದ ನಮ್ಮ ಪ್ರಯೋಗಾಲಯದಲ್ಲಿ ಇದ್ದವರು ಮೂವರು, ಮೂವರೂ ತತ್ತಿ ತಿನ್ನದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಪಜೀತಿಗೂ ಇದೇ ಮೂಲ. ನನ್ನ ಪಿಎಚ್‌ಡಿಯ ಗೈಡ್ ಅಮರೇಶ ಸರ್ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳ ವಿಭೂತಿ ಹಚ್ಚಿಕೊಂಡೇ ವಿಭಾಗಕ್ಕೆ ಬರುವವರು. ವಿದ್ಯಾ ಜೈನರ ಮನೆಯ ಹುಡುಗಿ, ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಮೂರನೆಯವಳು ನಾನು, ಸೌಂದರ್ಯಾ, ಉಣಕಲ್ಲಿನ ಸಿದ್ದಪ್ಪನವರ ಮಗಳು. ಅಪ್ಪನದು ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ. ನಮ್ಮ ಅಡುಗೆಮನೆಯೊಳಗೆ ತತ್ತಿ ಇರಲಿ, ತತ್ತಿಯ ಮಾತೂ ಬಂದದ್ದಿಲ್ಲ. ಇಂಥ ಮೂವರು ಸೇರಿ ತತ್ತಿಯ ಬಿಳಿಯಿಂದ ಕಂಪ್ಯೂಟರಿಗೆ ನೆನಪು ಮಾಡಿಕೊಡುತ್ತೇವೆಂದು ಹೊರಟಿದ್ದೆವು. ನಗುವವರು ಈಗಲೇ ನಕ್ಕುಬಿಡಿ.

ಕೆಲಸ ತಿಳಿಯಲಾರದಷ್ಟು ದೊಡ್ಡದೇನಲ್ಲ. ನಿಮ್ಮ ಫೋನಿನಲ್ಲಿ ಫೋಟೊ ಉಳಿಯುವುದು ಸಿಲಿಕಾನ್ ಚಿಪ್ಪಿನೊಳಗೆ. ಅದನ್ನು ಮಾಡಲು ಭಾರಿ ಕಾರ್ಖಾನೆ ಬೇಕು, ಎಸೆದರೆ ಕೊಳೆಯುವುದೂ ಇಲ್ಲ. ಅದರ ಬದಲು ಗಿಡದಿಂದಲೋ ಪ್ರಾಣಿಯಿಂದಲೋ ಬಂದ, ಮಣ್ಣಿಗೆ ಹಾಕಿದರೆ ಮಣ್ಣಾಗುವ ಪದಾರ್ಥದಲ್ಲಿ ನೆನಪು ಹಿಡಿದಿಡಲು ಬರುತ್ತದೆಯೇ ಎಂದು ಜಗತ್ತಿನಲ್ಲಿ ಎಷ್ಟೋ ಜನ ಹುಡುಕುತ್ತಿದ್ದಾರೆ. ನಾವು ಮಾಡುವುದು ಇಷ್ಟು: ವಿದ್ಯುತ್ ಹರಿಯುವ ಲೇಪ ಹಚ್ಚಿದ ಸಣ್ಣ ಗಾಜಿನ ತುಂಡಿನ ಮೇಲೆ ತತ್ತಿಯ ಬಿಳಿಯನ್ನು ತೆಳ್ಳಗೆ ಹರಡಿ, ಕಾಯಿಸಿ ಒಣಗಿಸಿ, ಮೇಲೊಂದು ಬೆಳ್ಳಿಯ ಚುಕ್ಕೆ ಇಡುವುದು. ಒಂದು ಕಡೆಯಿಂದ ಚೂರು ವಿದ್ಯುತ್ ಕೊಟ್ಟರೆ ಆ ಪದರದೊಳಗೆ ದಾರಿ ತೆರೆಯುತ್ತದೆ, ಉಲ್ಟಾ ಕೊಟ್ಟರೆ ಮುಚ್ಚುತ್ತದೆ. ತೆರೆದಿದ್ದರೆ ಹೌದು, ಮುಚ್ಚಿದ್ದರೆ ಅಲ್ಲ. ವಿದ್ಯುತ್ ತೆಗೆದ ಮೇಲೂ ತೆರೆದದ್ದು ತೆರೆದೇ ಇದ್ದರೆ ಅದಕ್ಕೆ ನೆನಪಿದೆ ಎಂದರ್ಥ. ಕಂಪ್ಯೂಟರಿನ ಅಷ್ಟೂ ಪಾಂಡಿತ್ಯ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಸರ್ ಈ ವಿಷಯ ಎತ್ತಿದಾಗ ವಿದ್ಯಾ ಕೈ ಮುಗಿದು, ತನಗೆ ಅರಿಸಿನದ ಪದರ ಕೊಡಿ ಎಂದು ಬೇಡಿಕೊಂಡಳು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಅದರ ಜೊತೆಗೆ ಹಟ. ಆಗುವುದಿಲ್ಲ ಎಂದು ಯಾರಾದರೂ ಮುಖ ಸಣ್ಣ ಮಾಡಿದರೆ ಸಾಕು, ನಾನು ಮಾಡುತ್ತೇನೆ ಎಂದು ಎದ್ದು ನಿಲ್ಲುತ್ತೇನೆ. ನಿಂತೆ. ಮನೆಯಲ್ಲಿ ಅವ್ವನಿಗೆ, ಪ್ರೋಟೀನಿನ ಮೇಲೆ ಕೆಲಸ ಎಂದಷ್ಟೇ ಹೇಳಿದೆ. ಅವ್ವ ಹೆಸರುಕಾಳು ಎಂದುಕೊಂಡಳು, ನಾನು ತಿದ್ದಲಿಲ್ಲ.

ಮೊದಲ ತತ್ತಿ ಕೊಳ್ಳುವುದೇ ಒಂದು ಕಥೆ. ಉಣಕಲ್ಲಿನಲ್ಲಿ ಕೊಂಡರೆ ಓಣಿಗೆಲ್ಲ ಸುದ್ದಿ. ಹುಬ್ಬಳ್ಳಿಯಲ್ಲಿ ಅಪ್ಪನ ಗಿರಾಕಿಗಳು, ಧಾರವಾಡದ ಪೇಟೆಯಲ್ಲಿ ಇಬ್ಬರು ಅತ್ತೆಯರು. ಕೊನೆಗೆ ಲಕಮನಹಳ್ಳಿಯ ಕಾರ್ಖಾನೆಗಳ ಕಡೆ ನಮ್ಮವರು ಯಾರೂ ಸುಳಿಯುವುದಿಲ್ಲವೆಂದು ಅಲ್ಲಿಗೆ ಹೋಗಿ, ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಒಂದು ಡಜನ್ ಕೇಳಿದೆ. ಅಂಗಡಿಯವನು ಯಾತಕ್ಕೆ ಎಂದ. ಓದಲಿಕ್ಕೆ ಎಂದೆ. ಅವನು ಎರಡನೇ ಪ್ರಶ್ನೆ ಕೇಳಲಿಲ್ಲ.

ಅಂದು ಮಂಗಳವಾರ. ತತ್ತಿಗಳನ್ನು ಪ್ರಯೋಗಾಲಯದ ಕಪಾಟಿನಲ್ಲಿ, ಹಳೆಯ ವರದಿಗಳ ಹಿಂದೆ ಮುಚ್ಚಿಟ್ಟೆ. ಮರುದಿನ ಬಸವ ಜಯಂತಿ, ಅದರ ಮರುದಿನ ಮೇ ದಿನದ ರಜೆ, ಶುಕ್ರವಾರ ಮುಗದದಲ್ಲಿ ಸೋದರತ್ತೆಯ ಮಗಳ ಮದುವೆ. ಶನಿವಾರ ಬಂದು, ಜನ್ಮದಲ್ಲಿ ಮೊದಲ ಸಲ ತತ್ತಿ ಒಡೆದೆ. ನಾಲ್ಕು ತತ್ತಿ ನೆಲಕ್ಕೂ ನನ್ನ ಕಾಲಿಗೂ ಹೋದವು. ವಿದ್ಯಾ ಬಾಗಿಲ ಹೊರಗೆ ನಿಂತು, ಮೂಗಿಗೆ ಸೆರಗು ಹಿಡಿದು, ಯೂಟ್ಯೂಬು ನೋಡಿ ಹೇಳಿಕೊಟ್ಟಳು. ಚಹಾ ಸೋಸುವ ಜರಡಿಯಲ್ಲಿ ಬಿಳಿ ಬೇರೆ, ಹಳದಿ ಬೇರೆ ಮಾಡಿದೆ. ಸಂಜೆಯ ಹೊತ್ತಿಗೆ ಹನ್ನೆರಡು ಗಾಜಿನ ತುಂಡು ಸಿದ್ಧವಾದವು. ಹನ್ನೆರಡರಲ್ಲಿ ಹತ್ತು ನೆನಪಿಟ್ಟವು.

ಹತ್ತು ಅಂದರೆ ಹುಡುಗಾಟವಲ್ಲ. ಮೊದಲ ಯತ್ನದಲ್ಲಿ ಎರಡು ಬಂದರೂ ಹಬ್ಬ ಮಾಡುವವರು ನಾವು. ನಾನೂ ವಿದ್ಯಾಳೂ ಕೈ ಕೈ ಹಿಡಿದು ಯಂತ್ರದ ಸುತ್ತ ಕುಣಿದೆವು. ಅಮರೇಶ ಸರ್ ತಾವೇ ಹೋಗಿ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದರು. ಸೋಮವಾರ ವಿಭಾಗದ ಸೆಮಿನಾರಿನಲ್ಲಿ ನನ್ನ ಹೆಸರು ಹೇಳಿ ಫಲಿತಾಂಶ ತೋರಿಸಿದರು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ಆಮೇಲೆ ಸರ್, ಇನ್ನು ಮುಂದೆ ಎಲ್ಲ ಪದ್ಧತಿಪ್ರಕಾರ ಆಗಬೇಕು ಎಂದರು. ಅಂಗಡಿಯ ತತ್ತಿ ಎಂದಿನದೋ ಎಲ್ಲಿನದೋ. ಸಂಶೋಧನೆಗೆ ಬೇಕಾದದ್ದು ಉತ್ತಮವಾದದ್ದು, ಉತ್ತಮವಾದದ್ದು ಎಂದರೆ ತಾಜಾ. ನನಗೂ ಅದೇ ಖರೆ ಅನಿಸಿತು. ಹಾಲಿರಲಿ, ಬದನೆಕಾಯಿ ಇರಲಿ, ತಾಜಾ ಇದ್ದಷ್ಟೂ ಛಲೋ ಎಂದು ಕಲಿತು ಬೆಳೆದವರು ನಾವು. ಮುಗದದ ಕಡೆಯ ಒಂದು ಕೋಳಿ ಫಾರ್ಮಿಗೆ ಹೇಳಿ, ಬೆಳಿಗ್ಗೆ ಇಟ್ಟ ತತ್ತಿ ಒಂಬತ್ತಕ್ಕೆ ನಮ್ಮ ಮೇಜಿನ ಮೇಲೆ ಇರುವ ಹಾಗೆ ಏರ್ಪಾಡಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಶನಿದೆಸೆ. ಹನ್ನೆರಡರಲ್ಲಿ ಒಂದು ನೆನಪಿಟ್ಟಿತು. ಮುಂದಿನ ಸಲ ಸೊನ್ನೆ. ಆಮೇಲೆ ಎರಡು, ಆಮೇಲೆ ಮತ್ತೆ ಸೊನ್ನೆ. ಗಾಜು ಬದಲಿಸಿದೆ, ಬೆಳ್ಳಿ ಬದಲಿಸಿದೆ, ಕಾಯಿಸುವ ಉಷ್ಣತೆ ಏರಿಸಿದೆ, ಇಳಿಸಿದೆ. ಅಳೆಯುವ ಸೂಜಿಯನ್ನು ಮೂರು ಸಲ ಒರೆಸಿ, ನಾಲ್ಕನೇ ಸಲ ಬೈದೆ. ಎಲ್ಲವನ್ನೂ ಅನುಮಾನಿಸಿದೆ, ತತ್ತಿಯೊಂದನ್ನು ಬಿಟ್ಟು. ಅಷ್ಟು ತಾಜಾ ತತ್ತಿಯನ್ನು ಯಾರು ಅನುಮಾನಿಸುತ್ತಾರೆ? ಹತ್ತು ದಿನದಲ್ಲಿ ಆರು ಸಲ ಮಾಡಿದೆ, ಆರೂ ಸಲ ಮಣ್ಣು ಮುಕ್ಕಿದೆ.

ಜೂನ್ ಹನ್ನೆರಡಕ್ಕೆ ಹೊರಗಿನ ಪರೀಕ್ಷಕರು ಬಂದು ನನ್ನ ಕೆಲಸ ನೋಡುವವರಿದ್ದರು. ಅವರ ಮುಂದೆ ಮಾಡಿ ತೋರಿಸಬೇಕು. ಆಗದಿದ್ದರೆ ತತ್ತಿಯ ಅಧ್ಯಾಯವೇ ಪ್ರಬಂಧದಿಂದ ಹೊರಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹತ್ತು ಬಂದವು ಎಂದು ಎಲ್ಲರ ಮುಂದೆ ಹೇಳಿಯಾಗಿತ್ತು. ಈಗ ಬಾರದಿದ್ದರೆ ಜನ ಏನು ತಿಳಿಯಬೇಕು? ಅದನ್ನು ಜನರಿಗಿಂತ ಮೊದಲು ಸರ್ ಅವರೇ ಕೇಳಿದರು. ಮೇ ತಿಂಗಳ ಮೂರನೇ ವಾರ, ಬೆಳಿಗ್ಗೆ, ಹೊಸ ತತ್ತಿಯ ಟ್ರೇ ಆಗತಾನೇ ಬಂದಿತ್ತು. ಅವರು ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು.

"ಸೌಂದರ್ಯಾ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ. ಆ ಮೊದಲನೇ ಸಲದ್ದು, ಖರೇನ ಬಂದಿತ್ತೇನು?"

ಬಸ್ಸಿನಲ್ಲಿ ಕಾಲು ತುಳಿದವರನ್ನೂ ಬಿಡದ ನಾನು ಆವತ್ತು ಸಿಟ್ಟನ್ನು ನುಂಗಿಕೊಂಡೆ. ನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಒಂದು ಅಂಕಿ ಹೆಚ್ಚುಕಡಿಮೆ ಬರೆದವಳಲ್ಲ. ಬಂದಿತ್ತು ಸರ್ ಎಂದಷ್ಟೇ ಹೇಳಿ, ಮೇಜಿನ ಮೇಲಿದ್ದ ಮೂವತ್ತು ತತ್ತಿಯ ಟ್ರೇ ಎತ್ತಿಕೊಂಡು ಹೊರಗೆ ಬಂದೆ. ಆ ತತ್ತಿಗಳ ಮುಖ ನೋಡಲೂ ನನಗೆ ಬೇಡವಾಗಿತ್ತು. ಎಸೆಯಲು ಮನಸ್ಸಾಗಲಿಲ್ಲ, ತಿನ್ನುವ ವಸ್ತು. ಟ್ರೇಯನ್ನು ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು, ಕಣ್ಣು ಒರೆಸಿಕೊಳ್ಳುತ್ತ ಲಕಮನಹಳ್ಳಿಗೆ ಹೊರಟೆ. ಅಲ್ಲಿ ಕಾರ್ಖಾನೆಗಳ ಗೇಟಿನ ಎದುರು ತತ್ತಿ ಕುದಿಸಿ ಮಾರುವ ಒಂದು ಗಾಡಿ ನೋಡಿದ್ದೆ. ಅದರ ಮುಂದೆ ಟ್ರೇ ಇಟ್ಟು, ಪುಕ್ಕಟೆ ತೆಗೆದುಕೊಳ್ಳಿ ಎಂದೆ.

ಗಾಡಿಯ ಒಡತಿ ಶಹಜಹಾನಬೇಗಂ, ಕಾರ್ಖಾನೆಯವರಿಗೆಲ್ಲ ಚಾಚಿ. ಅರವತ್ತರ ಆಸುಪಾಸು, ದಪ್ಪ ಕನ್ನಡಕ, ಮಾತು ಕಡಿಮೆ. ಒಂದು ತತ್ತಿ ಎತ್ತಿ ಅಂಗೈಯಲ್ಲಿ ತೂಗಿದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು, ತಿರುಗಿ ಟ್ರೇಯಲ್ಲಿ ಇಟ್ಟಳು.

"ಇವು ಇವತ್ತಿನ ತತ್ತಿ, ಬೇಟಿ. ಕುದಿಸಿದ್ರ ಸುಲಿಯಾಕ ಬರಂಗಿಲ್ಲ. ನಾಕ್ ದಿನ ಬಿಟ್ಟು ತಗೊಂಡ್ ಬಾ."

ಸುಟ್ಟ ಗಾಯಕ್ಕೆ ಉಪ್ಪು ಸವರಿದಂತಾಯಿತು. ಸರ್ ಮುಂದೆ ನುಂಗಿದ ಸಿಟ್ಟೆಲ್ಲ ಚಾಚಿಯ ಮೇಲೆ ಹೊರಬಿತ್ತು. ಬಿಟ್ಟಿ ಕೊಟ್ಟರೂ ತಕರಾರು ಮಾಡುತ್ತೀರಲ್ಲ, ತಾಜಾ ತತ್ತಿ ಬಿಟ್ಟು ಜನರಿಗೆ ಹಳೆಯದನ್ನು ತಿನ್ನಿಸುತ್ತೀರಾ ಎಂದು ರಸ್ತೆಯೆಲ್ಲ ಕೇಳುವ ಹಾಗೆ ಕೂಗಾಡಿದೆ. ಚಾಚಿ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಎರಡು ತತ್ತಿ, ತನ್ನ ಎರಡು ತತ್ತಿ ಒಂದೇ ಬೋಗುಣಿಯಲ್ಲಿ ಹಾಕಿ ಸ್ಟೋ ಹಚ್ಚಿದಳು. ಕುದಿಯುವ ತನಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅತ್ತದ್ದು ಯಾಕೆ ಎಂದು ವಿಚಾರಿಸಿದಳು. ಅಪರಿಚಿತರ ಮುಂದೆ ಹೇಳಿಕೊಳ್ಳುವುದು ಎಷ್ಟು ಸುಲಭ ನೋಡಿ. ಎಲ್ಲ ಹೇಳಿದೆ. ಸುಳ್ಳಿ ಅನ್ನಿಸಿಕೊಂಡೆ ಎಂಬುದನ್ನೂ ಹೇಳಿದೆ.

ತಣ್ಣೀರಿಗೆ ಹಾಕಿ ತೆಗೆದ ಮೇಲೆ ಚಾಚಿ ತನ್ನ ತತ್ತಿ ಒಂದನ್ನು ಗಾಡಿಯ ಅಂಚಿಗೆ ತಟ್ಟಿದಳು. ಎರಡು ಸಲ ಬೆರಳು ಆಡಿಸಿದ್ದೇ ತಡ, ಸಿಪ್ಪೆ ಅಂಗಿ ಕಳಚಿದ ಹಾಗೆ ಬಂತು. ಒಳಗಿನ ಬಿಳಿ ನುಣ್ಣಗೆ ಹೊಳೆಯುತ್ತಿತ್ತು. ನನ್ನದನ್ನು ನನ್ನ ಕೈಗೇ ಕೊಟ್ಟಳು. ಸಿಪ್ಪೆಯ ಜೊತೆಗೆ ಬಿಳಿಯೂ ಕಿತ್ತು ಬಂದು, ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಇಲಿ ಕಡಿದಂತಹ ಒಂದು ಗಡ್ಡೆ.

ಯಾಕೆ ಹೀಗೆ ಎಂದು ಕೇಳಿದೆ. ನನ್ನ ದನಿ ಆಗಲೇ ಬದಲಾಗಿತ್ತು.

"ತತ್ತೀನೂ ಉಸರಾಡತೈತಿ. ದಿನಾ ಹೋದಂಗ ಒಳಗಿನ ಬಿಳೇದು ಬದಲಾಕ್ಕೋತ ಹೋಗತೈತಿ. ಆಮ್ಲೆಟಿಗೆ ತಾಜಾ, ಕುದಸಾಕ ನಾಕ್ ದಿನದ್ದು. ಇದು ಅಡಗಿ ಮಾಡೋ ಎಲ್ಲಾರಿಗೂ ಗೊತ್ತೈತಿ, ಬೇಟಿ. ನಿಮ್ಮ ಸಾಲ್ಯಾಗ ಯಾರಿಗೂ ಗೊತ್ತಿಲ್ಲೇನು?"

ಯಾರಿಗೂ ಗೊತ್ತಿರಲಿಲ್ಲ. ಲಿಂಗಪೂಜೆಯ ಸರ್‌ಗೆ ಗೊತ್ತಿರಲಿಲ್ಲ, ಉಳ್ಳಾಗಡ್ಡಿ ಮುಟ್ಟದ ವಿದ್ಯಾಳಿಗೆ ಗೊತ್ತಿರಲಿಲ್ಲ, ಹೆಸರುಕಾಳಿನ ಮನೆಯ ನನಗಂತೂ ಗೊತ್ತೇ ಇರಲಿಲ್ಲ. ಮಂಗಳವಾರ ಕೊಂಡ ತತ್ತಿಯನ್ನು ಶನಿವಾರ ಒಡೆದದ್ದು ಆಗ ನೆನಪಾಯಿತು. ಎಣಿಸಿದೆ, ನಾಲ್ಕು ದಿನ. ಸ್ಟೂಲಿನಿಂದ ಎದ್ದವಳು ಚಾಚಿಯನ್ನು ತಬ್ಬಿಕೊಂಡೆ. ನನ್ನ ಕೈಯಲ್ಲಿದ್ದ ಹರಕು ತತ್ತಿ ಆಕೆಯ ಬೆನ್ನಿಗೆಲ್ಲ ಅಂಟಿತು.

ಮರುದಿನ ತಾಜಾ ತತ್ತಿಯ ಬಿಳಿಯನ್ನೂ ಚಾಚಿಯಿಂದ ತಂದ ಹಳೆಯ ತತ್ತಿಯ ಬಿಳಿಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದೆ. ಚಾಚಿಯ ಮಾತು ಅಕ್ಷರಶಃ ಖರೆ. ತತ್ತಿಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅದರ ಮೂಲಕ ಒಳಗಿನ ಇಂಗಾಲದ ಡೈಆಕ್ಸೈಡು ದಿನದಿನಕ್ಕೆ ಹೊರಗೆ ಹೋಗುತ್ತದೆ. ಹೋದಂತೆ ಬಿಳಿ ಕ್ಷಾರವಾಗುತ್ತದೆ, ಗಟ್ಟಿ ಲೋಳೆ ನೀರಾಗುತ್ತದೆ. ತಾಜಾ ಬಿಳಿ ಗಾಜಿನ ಮೇಲೆ ಗಂಟುಗಂಟಾಗಿ ಕೂರುತ್ತಿತ್ತು, ನಾಲ್ಕು ದಿನದ್ದು ಎಣ್ಣೆಯಂತೆ ಸಮನಾಗಿ ಹರಡಿತು. ಆ ಸಲ ಹನ್ನೆರಡರಲ್ಲಿ ಒಂಬತ್ತು ನೆನಪಿಟ್ಟವು, ಮುಂದಿನ ಸಲ ಹತ್ತು. ಸರ್ ಎರಡು ಸಲವೂ ಬಂದು ನೋಡಿದರು, ತಲೆಯಾಡಿಸಿದರು, ಛಲೋ ಆತು ಎಂದರು. ಮೊದಲನೆಯ ಸಲದ ಮಾತು ಎತ್ತಲಿಲ್ಲ. ಪರೀಕ್ಷಕರು ಬಂದು ನೋಡಲಿ ಎಂದರು. ಅವರ ಮನಸ್ಸಿನಲ್ಲಿ ಆ ಮುಳ್ಳು ಇನ್ನೂ ಇದೆ ಎಂದು ನನಗೆ ಗೊತ್ತಾಯಿತು.

ಜೂನ್ ಬಂತು, ಮಳೆ ಹಿಡಿಯಿತು. ಪರೀಕ್ಷೆಗೆ ಎರಡು ದಿನ ಮೊದಲು, ಕೈ ರೂಢಿಯಿರಲಿ ಎಂದು ನಾಲ್ಕು ದಿನದ ತತ್ತಿಯಲ್ಲಿ ಇನ್ನೊಮ್ಮೆ ಮಾಡಿದೆ. ಮೂರೇ ಬಂದವು. ಮಳೆಯಲ್ಲೇ ಚಾಚಿಯ ಗಾಡಿಗೆ ಓಡಿದೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದವಳು ನನ್ನ ಮಾತು ಕೇಳಿ ನಕ್ಕುಬಿಟ್ಟಳು. ದಿನ ಎಣಿಸಿದರೆ ಹೇಗೆ, ಬಿಸಿಲಿನ ನಾಲ್ಕು ದಿನ, ಮಳೆಯ ನಾಲ್ಕು ದಿನ ಒಂದೇ ಏನು ಎಂದಳು. ಬಿಸಿಲಲ್ಲಿ ತತ್ತಿ ಲಗೂ ಹಳತಾಗುತ್ತದೆ, ತಂಪಿನಲ್ಲಿ ನಿಧಾನ. ಬಕೆಟ್ಟಿನಲ್ಲಿ ನೀರು ತುಂಬಿ ತತ್ತಿ ಬಿಟ್ಟು ತೋರಿಸಿದಳು. ತಾಜಾ ತತ್ತಿ ತಳದಲ್ಲಿ ಅಡ್ಡ ಮಲಗುತ್ತದೆ. ಹದಕ್ಕೆ ಬಂದದ್ದು ದಪ್ಪ ತುದಿಯನ್ನು ಸ್ವಲ್ಪ ಮೇಲೆತ್ತಿ ವಾಲುತ್ತದೆ. ತೇಲಿದರೆ ಮುಗಿಯಿತು, ದೂರ ಒಯ್ದು ಹುಗಿಯಬೇಕು. ಹದದ ತತ್ತಿಗಳನ್ನು ಆರಿಸಿ, ಪರೀಕ್ಷೆಯ ದಿನ ಬೆಳಿಗ್ಗೆ ತಾನೇ ತಂದುಕೊಡುವುದಾಗಿ ಹೇಳಿದಳು. ನನ್ನ ಸ್ಕೂಟರಿನ ಮೇಲೆ ಆಕೆಗೆ ಭರವಸೆ ಇರಲಿಲ್ಲ.

ಇಲ್ಲದಿದ್ದುದೇ ಸರಿ. ಆ ಸಂಜೆ ಅವ್ವ ರೇನ್‌ಕೋಟು ತೆಗೆಯಲೆಂದು ನನ್ನ ಸ್ಕೂಟರಿನ ಡಿಕ್ಕಿ ಎತ್ತಿದಾಗ, ಎಂದೋ ಉಳಿದ ಒಂದು ತತ್ತಿ ಒಡೆದು ರೇನ್‌ಕೋಟಿಗೆಲ್ಲ ಮೆತ್ತಿತ್ತು. ಇನ್ನು ಹೆಸರುಕಾಳು ಎನ್ನಲು ಬರುವುದಿಲ್ಲ. ಅಂಗಳದಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಮ್ಮವ್ವ ರತ್ನವ್ವ ಹಬ್ಬದ ದಿನ ಬಾವಿಯ ನೀರಿಗೂ ಮಡಿ ಕೇಳುವವಳು. ಆಕೆ ರೇನ್‌ಕೋಟನ್ನು ಕೋಲಿನಿಂದ ಎತ್ತಿ ನಲ್ಲಿಯ ಕೆಳಗೆ ಹಾಕಿ, ಬಹಳ ಹೊತ್ತು ನೀರು ಬಿಟ್ಟಳು.

"ಮನ್ಯಾಗ ತರಬ್ಯಾಡ, ಅಷ್ಟ ಹೇಳತೇನಿ. ಆದ್ರ ನನ್ನ ಮಗಳು ಸುಳ್ಳ ಹೇಳ್ಯಾಳ ಅಂದವರನ್ನ ಹಂಗ ಬಿಡಬ್ಯಾಡ."

ನನಗೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಹೋದವು.

ಹನ್ನೆರಡನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಚಾಚಿ ಆಟೋದಲ್ಲಿ ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಬಟ್ಟೆ ಹಾಸಿದ ಬುಟ್ಟಿ. ಅದೇ ಹೊತ್ತಿಗೆ ಪರೀಕ್ಷಕರಾದ ಡಾಕ್ಟರ್ ಅಂಬರೀಷ ಅವರೂ ಕಾರಿನಿಂದ ಇಳಿದರು. ಅವರ ಕೈಯಲ್ಲೂ ಒಂದು ಚೀಲ. ಒಳಗೆ ಬಂದು ಚೀಲವನ್ನು ಮೇಜಿನ ಮೇಲೆ ಇಟ್ಟು, ದಾರಿಯಲ್ಲಿ ಮೂರು ಅಂಗಡಿಗಳಲ್ಲಿ ನಾಲ್ಕು ನಾಲ್ಕು ತತ್ತಿ ಕೊಂಡುಕೊಂಡಿದ್ದೇನೆ, ನಿಮ್ಮ ತತ್ತಿ ಬೇಡ, ಇವುಗಳಲ್ಲಿ ಮಾಡಿ ತೋರಿಸಿ ಎಂದರು. ತಪ್ಪೇನಿಲ್ಲ, ಒಳ್ಳೆಯ ಪರೀಕ್ಷಕರು ಮಾಡುವುದೇ ಹಾಗೆ. ಆದರೆ ಎಂದಿನ ತತ್ತಿಯೋ ಯಾರಿಗೆ ಗೊತ್ತು? ಸರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಮತ್ತೆ ಅದೇ ಪ್ರಶ್ನೆ ಇತ್ತು.

ಚಾಚಿ ಬುಟ್ಟಿ ಕೆಳಗಿಟ್ಟು, ಒಂದು ಬಕೆಟ್ ನೀರು ತರಿಸು ಎಂದು ನನಗೆ ಹೇಳಿದಳು.

ಹನ್ನೆರಡು ತತ್ತಿಯನ್ನೂ ಒಂದೊಂದಾಗಿ ನೀರಿಗೆ ಬಿಟ್ಟಳು. ಐದು ಅಡ್ಡ ಮಲಗಿದವು. ಅವನ್ನು ಎಡಗಡೆ ಇಟ್ಟು, ಇವು ಇನ್ನೂ ಹಸಿ, ಇವಕ್ಕೆ ನೆನಪು ನಿಲ್ಲುವುದಿಲ್ಲ ಎಂದಳು. ನಾಲ್ಕು ವಾಲಿದವು. ಅವನ್ನು ಬಲಗಡೆ ಇಟ್ಟು, ಇವು ನೆನಪಿಡುತ್ತವೆ ಎಂದಳು. ಮೂರು ತೇಲಿದವು. ಇವನ್ನು ಹೊರಗೆ ಒಯ್ಯಿರಿ, ಒಡೆಯಬೇಡಿ ಎಂದಳು. ಅಂಬರೀಷ ಅವರು ನಕ್ಕರು. ವಿಜ್ಞಾನದಲ್ಲಿ ಒಡೆಯದೆ ನಂಬುವ ಪದ್ಧತಿ ಇಲ್ಲ ಎಂದು, ತೇಲಿದ್ದರಲ್ಲಿ ಒಂದನ್ನು ತಾವೇ ಬಟ್ಟಲಿನ ಅಂಚಿಗೆ ಹೊಡೆದರು.

ಆಮೇಲಿನ ಅರ್ಧ ತಾಸು ವಿಭಾಗದ ಎಲ್ಲ ಕಿಟಕಿಗಳೂ ತೆರೆದವು, ಎಲ್ಲ ಜನರೂ ಹೊರಗೆ ಮಳೆಯಲ್ಲಿ ನಿಂತರು. ವಿದ್ಯಾ ಗೇಟಿನ ತನಕ ಓಡಿದ್ದಳು. ಅಂಬರೀಷ ಅವರು ಕರವಸ್ತ್ರ ಹಿಡಿದುಕೊಂಡು ಚಾಚಿಯ ಹತ್ತಿರ ಬಂದು, ತಪ್ಪಾಯಿತು ಎಂದರು. ಚಾಚಿ ತನ್ನ ಸಂಚಿಯಿಂದ ಎರಡು ಲವಂಗ ತೆಗೆದು ಅವರಿಗೆ ಬಾಯಿಗೆ ಹಾಕಿಕೊಳ್ಳಲು ಕೊಟ್ಟಳು. ಅಲ್ಲಿಂದ ಮುಂದೆ ಅವರು ಆಕೆ ಹೇಳಿದ್ದಕ್ಕೆಲ್ಲ ಗೋಣು ಹಾಕಿದರು.

ಒಳಗೆ ಹೋಗಿ ಕೆಲಸ ಶುರು ಮಾಡಿದೆವು. ಅಂಬರೀಷ ಅವರು ಎಡಗಡೆಯ ತತ್ತಿಗಳಿಂದ ಆರು ಗಾಜು, ಬಲಗಡೆಯವುಗಳಿಂದ ಆರು ಗಾಜು ಮಾಡಿಸಿ, ಯಾವುದು ಯಾವುದೆಂದು ನನಗೆ ತಿಳಿಯದ ಹಾಗೆ ತಮ್ಮ ಗುರುತು ಹಾಕಿ ಅದಲುಬದಲು ಮಾಡಿಬಿಟ್ಟರು. ಹರಡಿ, ಕಾಯಿಸಿ, ಆರಿಸಿ, ಬೆಳ್ಳಿ ಇಟ್ಟು ಇದೆಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ಚಾಚಿ ಗಡಿಯಾರ ನೋಡಿ ಎದ್ದಳು. ಐದಕ್ಕೆ ಕಾರ್ಖಾನೆ ಬಿಡುತ್ತವೆ, ಗಾಡಿ ಹಚ್ಚಬೇಕು ಎಂದಳು. ಇನ್ನು ಸ್ವಲ್ಪ ಹೊತ್ತಿಗೆ ಫಲಿತಾಂಶ ಬರುತ್ತದೆ, ನೋಡಿ ಹೋಗಿ ಎಂದು ನಾನು ಕೈ ಹಿಡಿದೆ.

"ನೋಡೂದೇನೈತಿ, ಬೇಟಿ? ನಾ ಆಗಲೇ ಹೇಳೇನಲ್ಲ."

ಹೋಗಿಯೇ ಬಿಟ್ಟಳು. ನಾನು ಸೂಜಿ ಇಳಿಸಿದೆ. ಮೊದಲನೆಯ ಗಾಜಿಗೆ ವಿದ್ಯುತ್ ಕೊಟ್ಟು, ತೆಗೆದು, ಕಾದು, ಅಳೆದೆ. ಹೌದು. ಎರಡನೆಯದು, ಅಲ್ಲ. ಮೂರನೆಯದು, ಹೌದು. ಅಂಬರೀಷ ಅವರು ಬರೆದುಕೊಳ್ಳುತ್ತ ಹೋದರು. ಹನ್ನೆರಡೂ ಮುಗಿದ ಮೇಲೆ ಗುರುತು ಬರೆದಿಟ್ಟಿದ್ದ ಚೀಟಿ ಬಿಚ್ಚಿ ತಾಳೆ ನೋಡಿದರು. ಬಲಗಡೆಯ ತತ್ತಿಯ ಆರರಲ್ಲಿ ಆರೂ ನೆನಪಿಟ್ಟಿದ್ದವು. ಎಡಗಡೆಯ ಆರರಲ್ಲಿ ಒಂದೂ ಇಲ್ಲ. ಅವರು ಚೀಟಿಯನ್ನು ಸರ್ ಕೈಗೆ ಕೊಟ್ಟು, ಟೋಪಿ ಇಲ್ಲದ ತಲೆಯಿಂದ ಟೋಪಿ ತೆಗೆದ ಹಾಗೆ ನನ್ನ ಕಡೆ ಕೈ ಆಡಿಸಿದರು. ವಿದ್ಯಾ ನನ್ನನ್ನು ಎತ್ತಲು ಹೋಗಿ ಇಬ್ಬರೂ ಬಿದ್ದೆವು.

ವರದಿಯನ್ನು ಪರೀಕ್ಷಕರು ಅಲ್ಲೇ ಬರೆದರು. ತತ್ತಿ ಆರಿಸಿದವರ ಸಹಿ ಅದರ ಮೇಲೆ ಬೇಕೇ ಬೇಕು, ಇಲ್ಲದಿದ್ದರೆ ಈ ಪ್ರಯೋಗಕ್ಕೆ ಅರ್ಥವೇ ಇಲ್ಲ ಎಂದು ಅಂಬರೀಷ ಅವರು ಹಟ ಹಿಡಿದರು. ಸಹಿ ಹಾಕಬೇಕಾದವಳು ಲಕಮನಹಳ್ಳಿಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅಮರೇಶ ಸರ್ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ನಡೀ ಎಂದರು.

ಐದೂವರೆಯ ಹೊತ್ತು, ಗಾಡಿಯ ಮುಂದೆ ಕಾರ್ಖಾನೆಯ ಜನ ಮೂವತ್ತಕ್ಕೂ ಮೇಲೆ. ಹಣೆಯ ಮೇಲೆ ವಿಭೂತಿ, ಕೊರಳಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಅಂಥ ಮನುಷ್ಯ ತತ್ತಿಯ ಗಾಡಿಯ ಮುಂದೆ ಸರತಿಯಲ್ಲಿ ನಿಂತದ್ದನ್ನು ಎಲ್ಲರೂ ತಿರುಗಿ ತಿರುಗಿ ನೋಡಿದರು. ಸರ್ ತಲೆ ಎತ್ತಲಿಲ್ಲ. ಅವರ ಪಾಳಿ ಬಂದಾಗ ಕಾಗದ, ಪೆನ್ನು ಮುಂದೆ ಹಿಡಿದು, ಇಲ್ಲಿ ಒಂದು ಸಹಿ ಹಾಕಿರಿ ಎಂದರು.

ಚಾಚಿ ಖಾರದ ಕೈ ಒರೆಸಿಕೊಂಡು ಕನ್ನಡಕ ಸರಿ ಮಾಡಿಕೊಂಡಳು. ಆಕೆ ಕನ್ನಡ ಸಾಲೆಯಲ್ಲಿ ಏಳನೆಯವರೆಗೆ ಓದಿದವಳು ಎಂಬುದು ನನಗೆ ಗೊತ್ತಿತ್ತು, ಸರ್‌ಗೆ ಗೊತ್ತಿರಲಿಲ್ಲ. ಕಾಗದವನ್ನು ಮುಟ್ಟದೆ, ಏನು ಬರೆದಿದೆಯೋ ತಿಳಿಯದೆ ಸಹಿ ಹಾಕುವುದಿಲ್ಲ, ನೀವೇ ಓದಿ ಹೇಳಿ ಎಂದಳು. ಸರ್ ಸುತ್ತ ನೋಡಿದರು. ಆಮೇಲೆ ಓದಿದರು.

"ಇವತ್ತಿನ ಪ್ರಯೋಗದಲ್ಲಿ ತತ್ತಿಗಳನ್ನು ಆರಿಸಿದವರು ಶಹಜಹಾನಬೇಗಂ, ತತ್ತಿ ವ್ಯಾಪಾರಿ, ಲಕಮನಹಳ್ಳಿ. ಅವರು ಹೇಳಿದ್ದು ಪೂರ್ತಿ ನಿಜವಾಯಿತು. ಸೌಂದರ್ಯಾ ಮೇ ತಿಂಗಳಲ್ಲಿ ತೋರಿಸಿದ ಮೊದಲ ಫಲಿತಾಂಶವೂ ನಿಜವಾದದ್ದು, ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ."

ಕೊನೆಯ ಮಾತಿಗೆ ಅವರ ದನಿ ಇಳಿದಿತ್ತು. ಮೂರು ವಾರದಿಂದ ನಾನು ಮನಸ್ಸಿನೊಳಗೆ ಕಟ್ಟಿಟ್ಟಿದ್ದ ಖಾರದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಕಣ್ಣು ತುಂಬಿಕೊಂಡಿತ್ತು, ನಗುವೂ ಬರುತ್ತಿತ್ತು. ಚಾಚಿ ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಸಾಲಿನ ತುದಿಯ ಕಡೆ ಕೈ ತೋರಿಸಿದಳು.

"ಇನ್ನೊಮ್ಮಿ ಓದ್ರಿ, ಸರ. ಹಿಂದಿನವರಿಗೆ ಕೇಳಿಸಲಿಲ್ಲ."

ಅಮರೇಶ ಸರ್ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿ ನಿಂತರು. ಕಾಗದ ನೋಡದೆ, ಗೇಟಿನ ತನಕ ಕೇಳುವಷ್ಟು ಗಟ್ಟಿಯಾಗಿ, ನನ್ನ ಹೆಸರಿನಿಂದ ಶುರು ಮಾಡಿ ಇನ್ನೊಮ್ಮೆ ಹೇಳಿದರು.